ಪದವಿಯ ನಂತರ ವೈದ್ಯರಾಗಲು ಬ್ರಿಟನ್ನಿನ ನಾಲ್ಕು ವರ್ಷದ ದಾರಿ

ಬಿ.ಎಸ್ಸಿ., ಬಿ.ಇ., ಬಿ.ಫಾರ್ಮ ಅಥವಾ ಇತಿಹಾಸದಲ್ಲಿ ಬಿ.ಎ. ಮುಗಿಸಿ, ಕೆಲವು ವರ್ಷ ದುಡಿದ ಮೇಲೆ ವೈದ್ಯರಾಗಬೇಕೆಂಬ ಆಸೆ ಗಟ್ಟಿಯಾದವರಿಗೆ ಭಾರತದಲ್ಲಿ ಪ್ರತ್ಯೇಕ ಬಾಗಿಲಿಲ್ಲ. ಪಿಯುಸಿ ಮುಗಿಸಿದ ಮಕ್ಕಳ ಜೊತೆ ಕುಳಿತು ನೀಟ್ ಬರೆಯಬೇಕು, ಎಂಬಿಬಿಎಸ್ ಅನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಬ್ರಿಟನ್ನಿನಲ್ಲಿ ಹಾಗಲ್ಲ. ಈಗಾಗಲೇ ಒಂದು ಪದವಿ ಇರುವವರಿಗಾಗಿಯೇ ಅಲ್ಲಿ ನಾಲ್ಕು ವರ್ಷದ ವೈದ್ಯಕೀಯ ಕೋರ್ಸ್ ಇದೆ. ಗ್ರ್ಯಾಜುಯೇಟ್ ಎಂಟ್ರಿ ಮೆಡಿಸಿನ್ ಎಂದು ಅದರ ಹೆಸರು. ಲಂಡನ್ನಿನ ಸೇಂಟ್ ಜಾರ್ಜ್ಸ್ 2000ರಲ್ಲಿ ಇದನ್ನು ಆರಂಭಿಸಿತು. ವಾರ್ವಿಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಂತೂ ಪದವೀಧರರಿಗೆ ಮಾತ್ರ ಪ್ರವೇಶ. ಐದು ವರ್ಷ ಓದಿದವರಿಗೆ ಸಿಗುವ ಪದವಿಯೇ ಇಲ್ಲಿಯೂ ಸಿಗುತ್ತದೆ, ವೈದ್ಯಕೀಯ ಮಂಡಳಿಯಾದ ಜಿಎಂಸಿಯ ನೋಂದಣಿಯೂ ಅದೇ.

ಈ ಲೇಖನವನ್ನು ಮುಖ್ಯವಾಗಿ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ಬರೆಯುತ್ತಿದ್ದೇನೆ. ಸಂಗಾತಿಯ ಕೆಲಸದ ನಿಮಿತ್ತ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದು, ಕೈಯಲ್ಲಿ ಒಳ್ಳೆಯ ಪದವಿ ಇದ್ದೂ ಏನು ಮಾಡಬೇಕೆಂದು ಯೋಚಿಸುತ್ತಿರುವವರು, ಐಟಿ ಕೆಲಸದಲ್ಲಿದ್ದು ದಾರಿ ಬದಲಿಸಬೇಕೆಂದಿರುವವರು, ಅಲ್ಲಿಯೇ ಬೆಳೆದು ಬಯೋಮೆಡಿಕಲ್ ವಿಜ್ಞಾನ ಓದುತ್ತಿರುವ ಮಕ್ಕಳು ನನ್ನ ಕಣ್ಣ ಮುಂದಿದ್ದಾರೆ. ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರು ಮೊದಲ ಹೆಜ್ಜೆಯನ್ನಂತೂ ತಪ್ಪದೆ ಓದಬೇಕು. ನಿಮ್ಮ ತೀರ್ಮಾನ ಅಲ್ಲಿಯೇ ಆಗಿಬಿಡಬಹುದು.

ಮೊದಲ ಹೆಜ್ಜೆ: ಯಾವ ದೇಶದಲ್ಲಿ ವೈದ್ಯರಾಗಿ ಬಾಳುತ್ತೀರಿ ಎಂದು ನಿರ್ಧರಿಸಿ

ಬಹಳ ಜನ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರಲ್ಲಿ ಮಾಡಿದ ನಿಯಮದ ಪ್ರಕಾರ, ವಿದೇಶದಲ್ಲಿ ವೈದ್ಯ ಪದವಿ ಪಡೆದವರು ಭಾರತದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕಾದರೆ ಅವರ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಅನ್ನು ಅದೇ ವಿದೇಶಿ ಸಂಸ್ಥೆಯಲ್ಲಿ ಮಾಡಿರಬೇಕು. ಹೋಗುವ ಮುಂಚೆ ನೀಟ್‌ನಲ್ಲಿ ಅರ್ಹತೆಯನ್ನೂ ಪಡೆದಿರಬೇಕು. ನಮ್ಮ ಎಂಬಿಬಿಎಸ್ ನಾಲ್ಕೂವರೆ ವರ್ಷ; 54 ತಿಂಗಳ ಲೆಕ್ಕಕ್ಕೆ ಅದೇ ಅಳತೆ.

ನಾಲ್ಕು ವರ್ಷ ಎಂದರೆ 48 ತಿಂಗಳು. ಆರು ತಿಂಗಳು ಕಡಿಮೆ. ಅವಧಿ ಕಡಿಮೆ ಎಂಬ ಕಾರಣಕ್ಕೇ ಆರಿಸಿಕೊಂಡ ಕೋರ್ಸ್, ಅದೇ ಕಾರಣಕ್ಕೆ ಊರಿಗೆ ಮರಳಿ ವೃತ್ತಿ ಮಾಡುವ ದಾರಿಗೆ ಅಡ್ಡ ನಿಲ್ಲುತ್ತದೆ. ಶಿವಮೊಗ್ಗದಲ್ಲಿ ಕ್ಲಿನಿಕ್ ತೆರೆಯುವುದು ನಿಮ್ಮ ಕನಸಾಗಿದ್ದರೆ ಈ ಕೋರ್ಸ್ ನಿಮಗಲ್ಲ ಎಂದು ನೇರವಾಗಿ ಹೇಳುತ್ತೇನೆ. ಅಂಥವರಿಗೆ ನೀಟ್ ದಾರಿ ಇನ್ನೂ ತೆರೆದೇ ಇದೆ. ಆ ಪರೀಕ್ಷೆಗೆ ಗರಿಷ್ಠ ವಯೋಮಿತಿ ಇಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರು ಅದನ್ನು ನಂತರ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡು ನೀಟ್ ಬರೆಯಲು ಆಯೋಗ 2023ರ ನವೆಂಬರ್‌ನಲ್ಲಿ ಅವಕಾಶ ಕೊಟ್ಟಿದೆ.

ಬ್ರಿಟನ್ನಿನಲ್ಲೇ ಇರುತ್ತೇನೆ ಎನ್ನುವವರು ಮುಂದೆ ಓದಿ.

ಎರಡನೆಯ ಹೆಜ್ಜೆ: ಶುಲ್ಕದ ವರ್ಗ ಮತ್ತು ಹಣ

ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಸ್ವದೇಶಿ ಮತ್ತು ವಿದೇಶಿ ಎಂದು ಎರಡು ಶುಲ್ಕ ವರ್ಗಗಳಾಗಿ ವಿಂಗಡಿಸುತ್ತವೆ. ಇಂಗ್ಲೆಂಡಿನಲ್ಲಿ ಸ್ವದೇಶಿ ವರ್ಗದವರ ವಾರ್ಷಿಕ ಶುಲ್ಕ 2025-26ರಲ್ಲಿ ಗರಿಷ್ಠ 9,535 ಪೌಂಡ್. ವಿದೇಶಿಯರದು ಇದರ ಹಲವು ಪಟ್ಟು. ಅದೂ ಸಾಲದೆಂಬಂತೆ, ಇಂಗ್ಲೆಂಡಿನ ವೈದ್ಯಕೀಯ ಸೀಟುಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಸರ್ಕಾರ ಇಟ್ಟಿರುವ ಪಾಲು ಶೇ 7.5 ಮಾತ್ರ. ಕೆಲವು ನಾಲ್ಕು ವರ್ಷದ ಕೋರ್ಸ್‌ಗಳು ವಿದೇಶಿಯರನ್ನು ತೆಗೆದುಕೊಳ್ಳುವುದೇ ಇಲ್ಲ. ಸೇಂಟ್ ಆಂಡ್ರ್ಯೂಸ್ ಮತ್ತು ಡಂಡೀ ವಿಶ್ವವಿದ್ಯಾಲಯಗಳು 2018ರಿಂದ ಸೇರಿ ನಡೆಸುತ್ತಿರುವ ಸ್ಕಾಟ್‌ಜೆಮ್ ಅಂಥದ್ದು.

ಸಾಮಾನ್ಯವಾಗಿ, ಕೋರ್ಸಿನ ಮೊದಲ ದಿನಕ್ಕೆ ನಿಮಗೆ ಕಾಯಂ ವಾಸದ ಹಕ್ಕು ಅಂದರೆ ಐಎಲ್ಆರ್ ಸಿಕ್ಕಿದ್ದು, ಅದರ ಹಿಂದಿನ ಮೂರು ವರ್ಷ ಅಲ್ಲಿಯೇ ವಾಸವಿದ್ದರೆ ಸ್ವದೇಶಿ ವರ್ಗ ಸಿಗುತ್ತದೆ. ಉದ್ಯೋಗ ವೀಸಾದಲ್ಲೋ ಅವಲಂಬಿತರ ವೀಸಾದಲ್ಲೋ ಇರುವವರು ತೆರಿಗೆ ಕಟ್ಟುತ್ತಿದ್ದರೂ ಸಾಮಾನ್ಯವಾಗಿ ವಿದೇಶಿ ವರ್ಗಕ್ಕೇ ಸೇರುತ್ತಾರೆ. ನಿಮ್ಮ ಐಎಲ್ಆರ್ ಡಿಸೆಂಬರ್‌ನಲ್ಲಿ ಬರುವುದಿದ್ದು ಕೋರ್ಸ್ ಸೆಪ್ಟೆಂಬರ್‌ನಲ್ಲಿ ಆರಂಭವಾಗುವುದಿದ್ದರೆ ಒಂದು ವರ್ಷ ಕಾಯಿರಿ. ಆ ಒಂದು ವರ್ಷದ ತಾಳ್ಮೆ ಒಂದು ಮನೆಯ ಮುಂಗಡದಷ್ಟು ಹಣ ಉಳಿಸಬಲ್ಲದು. ನಿಮ್ಮ ವಿವರವನ್ನು ವಿಶ್ವವಿದ್ಯಾಲಯಕ್ಕೆ ಬರೆದು, ಯಾವ ವರ್ಗ ಎಂಬ ಉತ್ತರವನ್ನು ಲಿಖಿತವಾಗಿ ತರಿಸಿಕೊಳ್ಳಿ. ಬಳಗದ ಗೆಳೆಯರು ಹೇಳಿದರೆಂದು ನಂಬಿ ಕೂರಬೇಡಿ. ಒಬ್ಬೊಬ್ಬರ ವೀಸಾ ಚರಿತ್ರೆ ಒಂದೊಂದು ರೀತಿ ಇರುತ್ತದೆ.

ಸ್ವದೇಶಿ ವರ್ಗದವರಿಗೆ ನಾಲ್ಕು ವರ್ಷದ ಕೋರ್ಸಿನ ನಿಜವಾದ ಅನುಕೂಲ ಹಣದ್ದು. ಒಂದು ಪದವಿ ಇರುವವರಿಗೆ ಎರಡನೆಯ ಪದವಿಗೆ ಬ್ರಿಟಿಷ್ ಸರ್ಕಾರ ಸಾಮಾನ್ಯವಾಗಿ ಶುಲ್ಕದ ಸಾಲ ಕೊಡುವುದಿಲ್ಲ. ಧಾರವಾಡದಲ್ಲಿ ಪಡೆದ ಪದವಿಯೂ ಅವರ ಲೆಕ್ಕದಲ್ಲಿ ಪದವಿಯೇ. ಆದರೆ ಪದವೀಧರರ ನಾಲ್ಕು ವರ್ಷದ ವೈದ್ಯಕೀಯ ಕೋರ್ಸಿಗೆ ವಿನಾಯಿತಿ ಇದೆ. ಇಂಗ್ಲೆಂಡಿನಲ್ಲಿ ಮೊದಲ ವರ್ಷ ಸುಮಾರು ಮೂರೂವರೆ ಸಾವಿರ ಪೌಂಡನ್ನು ನೀವು ಕೈಯಿಂದ ಕಟ್ಟುತ್ತೀರಿ, ಉಳಿದ ಶುಲ್ಕಕ್ಕೆ ಸಾಲ ಸಿಗುತ್ತದೆ. ಎರಡನೆಯ ವರ್ಷದಿಂದ ಶುಲ್ಕದ ಒಂದು ಭಾಗವನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಭರಿಸುತ್ತದೆ, ಉಳಿದದ್ದಕ್ಕೆ ಸಾಲ. ಜೀವನ ವೆಚ್ಚಕ್ಕೂ ಸಾಲ ಮತ್ತು ಬರ್ಸರಿ (ಮರಳಿಸಬೇಕಿಲ್ಲದ ಧನಸಹಾಯ) ಇವೆ, ಆದರೆ ಬರ್ಸರಿಯ ಮೊತ್ತ ಮನೆಯ ಆದಾಯವನ್ನು ಅವಲಂಬಿಸುತ್ತದೆ. ಸಂಗಾತಿಗೆ ಒಳ್ಳೆಯ ಸಂಬಳವಿದ್ದರೆ ಹೆಚ್ಚೇನೂ ಸಿಗದು. ಸ್ಕಾಟ್ಲೆಂಡ್, ವೇಲ್ಸ್‌ಗಳ ವ್ಯವಸ್ಥೆ ಬೇರೆ.

ಇದನ್ನು ಅರಿಯದೆ ಅರ್ಜಿಯಲ್ಲಿ ಒಂದೆರಡು ಐದು ವರ್ಷದ ಕೋರ್ಸ್‌ಗಳನ್ನೂ ‘ಇರಲಿ’ ಎಂದು ಸೇರಿಸುವವರಿದ್ದಾರೆ. ಪದವೀಧರರು ಐದು ವರ್ಷದ ಕೋರ್ಸ್ ಸೇರಿದರೆ ಮೊದಲ ನಾಲ್ಕು ವರ್ಷದ ಶುಲ್ಕಕ್ಕೆ ಸಾಲವಿಲ್ಲ. ವರ್ಷಕ್ಕೆ 9,535ರಂತೆ ಲೆಕ್ಕ ಹಾಕಿದರೂ 38,000 ಪೌಂಡ್ ದಾಟುತ್ತದೆ, ಅಷ್ಟನ್ನೂ ಸ್ವಂತ ಹಣದಿಂದ ಕಟ್ಟಬೇಕು. ಆ ಹಣ ನಿಜವಾಗಿಯೂ ಇದ್ದರೆ ಸೇರಿಸಿ. ಅಂಥ ಕೋರ್ಸ್‌ಗಳಲ್ಲಿ ಸೀಟುಗಳ ಸಂಖ್ಯೆ ಹೆಚ್ಚು.

ಮೂರನೆಯ ಹೆಜ್ಜೆ: ನಿಮ್ಮ ಪದವಿ ಸಾಲುತ್ತದೆಯೇ ನೋಡಿ

ಹೆಚ್ಚಿನ ಕಡೆ ಬ್ರಿಟಿಷ್ ಪದವಿಯಲ್ಲಿ 2:1 ದರ್ಜೆ, ಅಂದರೆ ದ್ವಿತೀಯ ದರ್ಜೆಯ ಮೇಲಿನ ಭಾಗ, ಕೇಳುತ್ತಾರೆ. ಭಾರತದ ಅಂಕಗಳನ್ನು ಅದಕ್ಕೆ ಹೊಂದಿಸುವ ರೀತಿ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ತೆರನಾಗಿದೆ. ಮೂರು ವರ್ಷದ ಬಿ.ಎಸ್ಸಿ.ಯನ್ನು ಒಪ್ಪುತ್ತಾರೋ ಇಲ್ಲವೋ ಎಂಬುದನ್ನೂ ಕೇಳಿಕೊಳ್ಳಬೇಕು. ದರ್ಜೆ ಸ್ವಲ್ಪ ಕಡಿಮೆಯಿದ್ದರೆ ಸ್ನಾತಕೋತ್ತರ ಪದವಿ ಕೆಲವೆಡೆ ಕೈಹಿಡಿಯುತ್ತದೆ.

ವಿಷಯದ ಬಗ್ಗೆ ಎರಡು ಬಗೆಯ ವೈದ್ಯಕೀಯ ಶಾಲೆಗಳಿವೆ. ವಾರ್ವಿಕ್, ಸ್ವಾನ್ಸಿ, ನ್ಯೂಕಾಸಲ್‌ಗಳಲ್ಲಿ ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ಸಿವಿಲ್ ಎಂಜಿನಿಯರ್ ಕೂಡ ಅರ್ಜಿ ಹಾಕಬಹುದು. ಬರ್ಮಿಂಗ್‌ಹ್ಯಾಮ್‌ನಂಥವು ಜೀವವಿಜ್ಞಾನದ ಪದವಿಯನ್ನೂ ಹಿಂದಿನ ಹಂತದಲ್ಲಿ ರಸಾಯನಶಾಸ್ತ್ರವನ್ನೂ ಕೇಳುತ್ತವೆ. ಭಾರತದಲ್ಲಿ ಓದಿದವರಿಗೆ ಕೆಲವೆಡೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕವೂ ಬೇಕು, ಸಾಮಾನ್ಯವಾಗಿ ಒಟ್ಟು 7 ಅಥವಾ 7.5.

ಅಂಕಪಟ್ಟಿಗಳು, ಘಟಿಕೋತ್ಸವದ ಪ್ರಮಾಣಪತ್ರ ಮತ್ತು ವಿಶ್ವವಿದ್ಯಾಲಯದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಮೂರನ್ನೂ ಈಗಲೇ ಒಟ್ಟುಗೂಡಿಸಿ. ನಮ್ಮ ವಿಶ್ವವಿದ್ಯಾಲಯಗಳಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವ ಕೆಲಸ ವಾರಗಟ್ಟಲೆ ಎಳೆಯುತ್ತದೆ. ಊರಿಗೆ ರಜೆಗೆ ಹೋದಾಗ ಅದನ್ನೇ ಮೊದಲ ಕೆಲಸವಾಗಿ ಮುಗಿಸಿಕೊಂಡು ಬನ್ನಿ.

ನಾಲ್ಕನೆಯ ಹೆಜ್ಜೆ: ಯಾವ ಪರೀಕ್ಷೆ?

ಎರಡು ಪ್ರವೇಶ ಪರೀಕ್ಷೆಗಳಿವೆ: ಯುಕ್ಯಾಟ್ ಮತ್ತು ಗ್ಯಾಮ್‌ಸ್ಯಾಟ್. ಇವೆರಡರ ಸ್ವಭಾವ ಪೂರ್ತಿ ಬೇರೆ. ನಿಮಗೆ ಹೊಂದುವ ಪರೀಕ್ಷೆಯನ್ನು ಮೊದಲು ಗುರುತಿಸಿ, ಆಮೇಲೆ ವಿಶ್ವವಿದ್ಯಾಲಯ ಆರಿಸುವುದು ಜಾಣತನ. ಹೆಸರು ಕೇಳಿ ಶಾಲೆ ಆರಿಸುವವರು ಇಲ್ಲಿಯೇ ಎಡವುತ್ತಾರೆ.

ಯುಕ್ಯಾಟ್ ವೇಗದ ಪರೀಕ್ಷೆ. ಕಂಪ್ಯೂಟರ್ ಮುಂದೆ ಸುಮಾರು ಎರಡು ಗಂಟೆ. ಓದಿ ಅರ್ಥಮಾಡಿಕೊಳ್ಳುವುದು, ತೀರ್ಮಾನ ಕೈಗೊಳ್ಳುವುದು, ಲೆಕ್ಕ — ಈ ಮೂರು ವಿಭಾಗಗಳಿಗೆ ತಲಾ 300ರಿಂದ 900ರವರೆಗೆ ಅಂಕ. ಆಕೃತಿಗಳ ವಿಭಾಗವನ್ನು 2025ರಿಂದ ಕೈಬಿಟ್ಟಿದ್ದಾರೆ, ಆದ್ದರಿಂದ ಈಗ ಒಟ್ಟು 2700. ಹಳೆಯ ಅಭ್ಯಾಸ ಪುಸ್ತಕ ಕೊಳ್ಳುವಾಗ ಇದು ನೆನಪಿರಲಿ. ಸಂದರ್ಭಕ್ಕೆ ತಕ್ಕ ನಡವಳಿಕೆಯನ್ನು ಅಳೆಯುವ ನಾಲ್ಕನೆಯ ವಿಭಾಗಕ್ಕೆ ಅಂಕದ ಬದಲು 1ರಿಂದ 4ರವರೆಗಿನ ಶ್ರೇಣಿ ಇದೆ, 1 ಅತ್ಯುತ್ತಮ. ಇಲ್ಲಿ ವಿಜ್ಞಾನದ ಜ್ಞಾನ ಬೇಡ. ಜುಲೈನಿಂದ ಸೆಪ್ಟೆಂಬರ್ ಒಳಗೆ ವರ್ಷಕ್ಕೆ ಒಮ್ಮೆ ಮಾತ್ರ ಬರೆಯಬಹುದು, ಆ ಅಂಕ ಆ ವರ್ಷದ ಅರ್ಜಿಗೆ ಮಾತ್ರ. ಅಂಕ ಕೂಡಲೇ ತಿಳಿಯುವುದರಿಂದ ಅದನ್ನು ನೋಡಿಕೊಂಡು ಶಾಲೆ ಆರಿಸಲು ಸಮಯ ಸಿಗುತ್ತದೆ.

ಗ್ಯಾಮ್‌ಸ್ಯಾಟ್ ಬಲದ ಪರೀಕ್ಷೆ. ಆಸ್ಟ್ರೇಲಿಯಾದ ಸಂಸ್ಥೆಯೊಂದು ಇದನ್ನು ನಡೆಸುತ್ತದೆ, ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ. ಸಾಹಿತ್ಯ ಮತ್ತು ಸಮಾಜದ ಬರಹಗಳನ್ನು ಓದಿ ವಿಶ್ಲೇಷಿಸುವ ವಿಭಾಗ ಒಂದು, ಎರಡು ಪ್ರಬಂಧಗಳ ವಿಭಾಗ ಇನ್ನೊಂದು, ವಿಜ್ಞಾನದ್ದು ಮೂರನೆಯದು. ವಿಜ್ಞಾನದಲ್ಲಿ ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರ ತಲಾ ಶೇ 40, ಭೌತಶಾಸ್ತ್ರ ಶೇ 20. ಮೊದಲೆರಡರ ಮಟ್ಟ ಪದವಿಯ ಮೊದಲ ವರ್ಷದ್ದು, ಭೌತಶಾಸ್ತ್ರದ್ದು ಪಿಯುಸಿ ಮಟ್ಟ. ಪಿಯುಸಿಯಲ್ಲಿ ವಿಜ್ಞಾನವನ್ನು ಚೆನ್ನಾಗಿ ಓದಿದ ನಮ್ಮವರಿಗೆ ಈ ಮೂರನೆಯ ವಿಭಾಗ ಅನುಕೂಲವೇ. ಕಷ್ಟವಾಗುವುದು ಪ್ರಬಂಧ. ಇಂಗ್ಲಿಷಿನಲ್ಲಿ ಸ್ವಂತ ನಿಲುವನ್ನು ಅರ್ಧ ಗಂಟೆಯೊಳಗೆ ಕಟ್ಟಿ ನಿಲ್ಲಿಸುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಆಗಿರುವುದಿಲ್ಲ. ವಾರಕ್ಕೆ ಎರಡು ಪ್ರಬಂಧ ಬರೆದು, ಚೆನ್ನಾಗಿ ಇಂಗ್ಲಿಷ್ ಬಲ್ಲ ಯಾರಿಗಾದರೂ ತೋರಿಸಿ. ವಿಜ್ಞಾನದ ಹಿನ್ನೆಲೆಯೇ ಇಲ್ಲದವರಿಗೆ ಆರು ತಿಂಗಳ ತಯಾರಿ ಕಡಿಮೆಯೇ.

ಸ್ವಾನ್ಸಿ ಗ್ಯಾಮ್‌ಸ್ಯಾಟ್ ಕೇಳುತ್ತ ಬಂದಿದೆ. ವಾರ್ವಿಕ್, ನ್ಯೂಕಾಸಲ್, ಸೌತಾಂಪ್ಟನ್ ಯುಕ್ಯಾಟ್ ಕಡೆ. ಈ ಪಟ್ಟಿ ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರವೇಶ ಪುಟವನ್ನೇ ನೋಡಿ.

ಐದನೆಯ ಹೆಜ್ಜೆ: ರೋಗಿಗಳ ಬಳಿ ಹೋಗಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಕಗಳಿದ್ದೂ ಸೀಟು ಕೈತಪ್ಪುವುದು ಹಲವು ಸಲ ಈ ವಿಷಯದಲ್ಲಿ.

ಬ್ರಿಟನ್ನಿನ ಕನ್ನಡ ಸಂಘಗಳಲ್ಲಿ ವೈದ್ಯರು ಬಹಳ. ಹಾಗಾಗಿ ಪರಿಚಯದ ಸರ್ಜನ್ ಒಬ್ಬರ ಹಿಂದೆ ಒಂದು ವಾರ ಓಡಾಡಿ ಬಂದರೆ ಅನುಭವವಾಯಿತು ಎಂದು ಅನೇಕರು ಭಾವಿಸುತ್ತಾರೆ. ಅದರಿಂದ ವೈದ್ಯರ ದಿನಚರಿ ತಿಳಿಯುತ್ತದೆ ಅಷ್ಟೇ. ಪ್ರವೇಶ ಸಮಿತಿಯವರು ಹುಡುಕುವುದು ನೀವು ಅಸಹಾಯಕ ವ್ಯಕ್ತಿಯೊಬ್ಬರ ಜೊತೆ ಹೇಗೆ ನಡೆದುಕೊಂಡಿರಿ ಎಂಬುದನ್ನು. ವೃದ್ಧಾಶ್ರಮದಲ್ಲಿ ಊಟ ಮಾಡಿಸುವ, ಸ್ನಾನ ಮಾಡಿಸುವ, ಬಟ್ಟೆ ಬದಲಿಸುವ ಕೆಲಸ; ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಗೆ ನೆರವಾಗುವ ಹೆಲ್ತ್‌ಕೇರ್ ಅಸಿಸ್ಟೆಂಟ್ ಕೆಲಸ; ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ಗಳಲ್ಲಿ ಸ್ವಯಂಸೇವೆ; ಪ್ರಥಮ ಚಿಕಿತ್ಸೆಯ ಸ್ವಯಂಸೇವಾ ಸಂಸ್ಥೆಯಾದ ಸೇಂಟ್ ಜಾನ್ ಆಂಬ್ಯುಲೆನ್ಸ್ — ಇವು ತೂಕವುಳ್ಳ ಅನುಭವಗಳು. ಎಂಜಿನಿಯರ್ ಆಗಿದ್ದವರಿಗೆ, ಮನೆಯಲ್ಲಿ ಮರ್ಯಾದೆಯ ಪ್ರಶ್ನೆ ಎಬ್ಬಿಸುವವರಿಗೆ, ಇದು ಕೆಳಗಿನ ಕೆಲಸ ಎನಿಸಬಹುದು. ಆ ಭಾವನೆ ಎಷ್ಟು ದಿನಗಳಲ್ಲಿ ಕರಗುತ್ತದೆ ಎಂಬುದನ್ನು ನೋಡಿಕೊಳ್ಳಿ. ಕರಗದಿದ್ದರೆ ಈ ವೃತ್ತಿ ಬೇಕೇ ಎಂದು ಆಗಲೇ ಯೋಚಿಸುವುದು ಒಳ್ಳೆಯದು.

ಮರೆವಿನ ಕಾಯಿಲೆಯಲ್ಲಿ ನಂತರ ಕಲಿತ ಭಾಷೆ ಮಾಸಿ, ಎಳವೆಯ ಭಾಷೆ ಉಳಿದುಕೊಳ್ಳುವ ಹಿರಿಯರಿದ್ದಾರೆ. ವಲಸೆ ಬಂದ ಕನ್ನಡದ, ಗುಜರಾತಿಯ, ಪಂಜಾಬಿಯ ಅಜ್ಜ ಅಜ್ಜಿಯರಿಗೆ ತಮ್ಮ ನುಡಿಯ ಒಂದು ಮಾತು ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದನ್ನು ಇಂಥ ಕೆಲಸದಲ್ಲಿ ಕಾಣುತ್ತೀರಿ. ಜೊತೆಗೇ ಒಂದು ಎಚ್ಚರಿಕೆಯನ್ನೂ ಕಲಿಯುತ್ತೀರಿ: ಚಿಕಿತ್ಸೆಯ ತೀರ್ಮಾನಗಳಲ್ಲಿ ಮನೆಯವರನ್ನು ದುಭಾಷಿಯಾಗಿ ಬಳಸದೆ ತರಬೇತಿ ಪಡೆದ ದುಭಾಷಿಯನ್ನು ಕರೆಯಬೇಕೆಂಬುದು ಎನ್‌ಎಚ್‌ಎಸ್‌ನ ರೀತಿ. ಮಗ ತಂದೆಗೆ ಕೆಟ್ಟ ಸುದ್ದಿಯನ್ನು ಪೂರ್ತಿ ಹೇಳದೆ ಇರಬಹುದಲ್ಲ.

ಪ್ರತಿ ಪಾಳಿಯ ನಂತರ ನಾಲ್ಕು ಸಾಲು ಬರೆದಿಡಿ. ಏನಾಯಿತು, ನೀವೇನು ಮಾಡಿದಿರಿ, ಬೇರೆ ರೀತಿ ಮಾಡಬಹುದಿತ್ತೇ. ರೋಗಿಯ ಹೆಸರು ಬೇಡ. ಸಂದರ್ಶನದ ತಯಾರಿಗೆ ಈ ಟಿಪ್ಪಣಿ ಪುಸ್ತಕಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಕೆಲವು ಶಾಲೆಗಳು ಅನುಭವದ ಗಂಟೆಗಳ ಲೆಕ್ಕವನ್ನೂ ಕೇಳುತ್ತವೆ. ದಿನಾಂಕ, ಗಂಟೆ, ಮೇಲ್ವಿಚಾರಕರ ಸಂಪರ್ಕ ಬರೆದಿಟ್ಟುಕೊಳ್ಳಿ.

ಆರನೆಯ ಹೆಜ್ಜೆ: ಅರ್ಜಿ

ಅರ್ಜಿ ಯುಕಾಸ್ ಮೂಲಕ; ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪ್ರವೇಶದ ಅರ್ಜಿಗಳನ್ನು ಸ್ವೀಕರಿಸುವ ಸಂಸ್ಥೆ ಅದು. ಕೊನೆಯ ದಿನ ಅಕ್ಟೋಬರ್ 15, ಬ್ರಿಟನ್ ಸಮಯ ಸಂಜೆ 6 ಗಂಟೆ. 2027ರ ಶರತ್ಕಾಲದಲ್ಲಿ ಸೇರಬೇಕೆಂದರೆ 2026ರ ಅಕ್ಟೋಬರ್‌ನಲ್ಲಿ ಅರ್ಜಿ ಹೋಗಿರಬೇಕು. ವೈದ್ಯಕೀಯಕ್ಕೆ ನಾಲ್ಕು ಆಯ್ಕೆ ಮಾತ್ರ.

ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಯುಕ್ಯಾಟ್ ಅಂಕ ಸಾಧಾರಣವಾಗಿದ್ದು ಗ್ಯಾಮ್‌ಸ್ಯಾಟ್ ಚೆನ್ನಾಗಿದ್ದರೆ ಅದನ್ನು ನೋಡುವ ಶಾಲೆಗಳಿಗೆ ಒಲವು ಕೊಡಿ. ಹಿಂದಿನ ವರ್ಷಗಳಲ್ಲಿ ಸಂದರ್ಶನಕ್ಕೆ ಕರೆದವರ ಕನಿಷ್ಠ ಅಂಕವನ್ನು ಹಲವು ಶಾಲೆಗಳು ಪ್ರಕಟಿಸುತ್ತವೆ. ಅದಕ್ಕಿಂತ ತೀರಾ ಕೆಳಗಿದ್ದರೆ ಆ ಆಯ್ಕೆಯನ್ನು ವ್ಯರ್ಥ ಮಾಡಬೇಡಿ.

ವೈಯಕ್ತಿಕ ಹೇಳಿಕೆ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳ ರೂಪದಲ್ಲಿದೆ: ಈ ಕೋರ್ಸ್ ಏಕೆ, ನಿಮ್ಮ ಓದು ಹೇಗೆ ಸಿದ್ಧಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಮೂರೂ ಸೇರಿ 4,000 ಅಕ್ಷರ. ಬಾಲ್ಯದ ಕನಸಿನ ಕಥೆಯನ್ನು ಬಿಡಿ. ನಿಮ್ಮ ಹಳೆಯ ವೃತ್ತಿ ಕಲಿಸಿದ್ದನ್ನು ಬರೆಯಿರಿ. ಪದವೀಧರರ ಬಲ ಇರುವುದು ಅಲ್ಲಿಯೇ. ಸಾಫ್ಟ್‌ವೇರ್ ತಂಡದಲ್ಲಿ ತಪ್ಪು ನಡೆದಾಗ ಅದನ್ನು ಮುಚ್ಚದೆ ವರದಿ ಮಾಡಿದವರಿಗೆ ಆಸ್ಪತ್ರೆಯ ಸುರಕ್ಷತೆಯ ಬಗ್ಗೆ ಹೇಳಲು ನಿಜವಾದ ಮಾತಿರುತ್ತದೆ.

ಏಳನೆಯ ಹೆಜ್ಜೆ: ಸಂದರ್ಶನ

ಬಹುಪಾಲು ಶಾಲೆಗಳಲ್ಲಿ ಎಂಎಂಐ ಪದ್ಧತಿ ಇದೆ. ಒಂದರ ನಂತರ ಒಂದರಂತೆ ಹಲವು ಕಿರು ಸಂದರ್ಶನಗಳು, ಪ್ರತಿಯೊಂದಕ್ಕೂ ಕೆಲವೇ ನಿಮಿಷ, ಪ್ರತಿಯೊಂದರಲ್ಲೂ ಹೊಸ ಪರೀಕ್ಷಕರು. ಒಂದು ಕೋಣೆಯಲ್ಲಿ ನೈತಿಕ ಪ್ರಶ್ನೆ, ಇನ್ನೊಂದರಲ್ಲಿ ಅಂಕಿ ಅಂಶ, ಮತ್ತೊಂದರಲ್ಲಿ ಕೋಪಗೊಂಡ ಅಥವಾ ದುಃಖದಲ್ಲಿರುವ ವ್ಯಕ್ತಿಯಾಗಿ ನಟಿಸುವ ಕಲಾವಿದರು.

ನಮ್ಮವರು ಹೆಚ್ಚು ಅಂಕ ಕಳೆದುಕೊಳ್ಳುವ ಜಾಗ ಈ ನಟನೆಯ ಕೋಣೆ ಎಂದು ನನಗೆ ಅನ್ನಿಸುತ್ತದೆ. ಯಾರಾದರೂ ಕಷ್ಟ ಹೇಳಿಕೊಂಡ ಕೂಡಲೇ ಪರಿಹಾರ ಸೂಚಿಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ‘ಚಿಂತೆ ಮಾಡಬೇಡಿ, ಹೀಗೆ ಮಾಡಿ’ ಎಂದುಬಿಡುತ್ತೇವೆ. ಇಲ್ಲಿ ಮೊದಲು ಕೇಳಬೇಕು, ಸುಮ್ಮನಿರಬೇಕು, ಅವರ ಭಾವನೆಯನ್ನು ಗುರುತಿಸಿ ಹೇಳಬೇಕು, ಅವರಿಗೆ ಏನು ಬೇಕೆಂದು ವಿಚಾರಿಸಬೇಕು. ಹಾಗೆಯೇ, ರೋಗಿಗೆ ತಿಳಿಸದೆ ಮನೆಯ ಹಿರಿಯರಿಗೆ ಮಾತ್ರ ರೋಗದ ವಿಷಯ ಹೇಳುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ವಿಚಾರಶಕ್ತಿಯುಳ್ಳ ವಯಸ್ಕ ರೋಗಿಯ ಮಾಹಿತಿ ರೋಗಿಯದು. ಜಿಎಂಸಿಯ ವೃತ್ತಿ ಮಾರ್ಗಸೂಚಿಯ ಹೊಸ ಆವೃತ್ತಿ 2024ರ ಜನವರಿಯಿಂದ ಜಾರಿಯಲ್ಲಿದೆ. ಅದನ್ನು ನಿಧಾನವಾಗಿ ಓದಿ, ಪ್ರತಿ ಅಂಶಕ್ಕೂ ನಿಮ್ಮ ಟಿಪ್ಪಣಿಯಿಂದ ಒಂದು ಉದಾಹರಣೆ ಹುಡುಕಿ.

ಉತ್ತರಗಳನ್ನು ಬಾಯಿಪಾಠ ಮಾಡಬೇಡಿ. ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಗಡಿಯಾರ ಇಟ್ಟು, ಹೊಸ ಪ್ರಶ್ನೆಗಳಿಗೆ ಗಟ್ಟಿಯಾಗಿ ಉತ್ತರಿಸಿ ಅಭ್ಯಾಸ ಮಾಡಿ.

ಸೀಟು ಸಿಕ್ಕ ಮೇಲೆ

ಅಪರಾಧ ದಾಖಲೆಯ ತಪಾಸಣೆ ಇರುತ್ತದೆ. ಭಾರತದಲ್ಲಿ ವಾಸವಿದ್ದವರಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನೂ ಕೇಳಬಹುದು. ಹೆಪಟೈಟಿಸ್ ಬಿ, ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ಕ್ಷಯ — ಇವುಗಳ ಲಸಿಕೆ ಅಥವಾ ರಕ್ಷಣೆಯ ಪುರಾವೆ ಬೇಕು. ಬಾಲ್ಯದ ಲಸಿಕೆ ಕಾರ್ಡ್ ಸಿಗದಿದ್ದರೆ ರಕ್ತಪರೀಕ್ಷೆ ಮಾಡಿಸುತ್ತಾರೆ, ಗಾಬರಿ ಬೇಡ.

ಕೋರ್ಸಿನ ಬಗ್ಗೆ ಒಂದು ಮಾತು ಸ್ಪಷ್ಟವಾಗಿರಲಿ. ಒಂದು ವರ್ಷ ಕಡಿಮೆ ಎಂದರೆ ಓದು ಕಡಿಮೆ ಎಂದರ್ಥವಲ್ಲ. ಬೇರೆಯವರು ಎರಡು ವರ್ಷ ಓದುವ ಮೂಲ ವಿಜ್ಞಾನವನ್ನು ಇಲ್ಲಿ ಒತ್ತಿ ಮುಗಿಸುತ್ತಾರೆ, ರಜೆ ಕತ್ತರಿಸುತ್ತಾರೆ, ಆಮೇಲೆ ಆಸ್ಪತ್ರೆಯ ವಾರ್ಡುಗಳಿಗೆ ಕಳುಹಿಸುತ್ತಾರೆ. ಹಲವು ಶಾಲೆಗಳಲ್ಲಿ ರೋಗಿಯ ಪ್ರಕರಣವೊಂದನ್ನು ಮುಂದಿಟ್ಟು ಗುಂಪಿನಲ್ಲಿ ಚರ್ಚಿಸಿ ಕಲಿಯುವ ವಿಧಾನವಿದೆ. ಉಪನ್ಯಾಸ ಕೇಳಿ ನೋಟ್ಸ್ ಬರೆದುಕೊಳ್ಳುವುದಕ್ಕೆ ಒಗ್ಗಿದವರಿಗೆ ಮೊದಲ ತಿಂಗಳುಗಳು ಕಸಿವಿಸಿಯಾಗುತ್ತವೆ. ವಾರ್ವಿಕ್‌ನಲ್ಲಿ ಅಂಗರಚನೆ ಕಲಿಯಲು ಪ್ಲಾಸ್ಟಿನೇಷನ್ ವಿಧಾನದಿಂದ, ಅಂದರೆ ಅಂಗಾಂಶದೊಳಗೆ ಪ್ಲಾಸ್ಟಿಕ್ ತುಂಬಿ, ಸಂರಕ್ಷಿಸಿದ ದೇಹಗಳಿವೆ. ವಿಜ್ಞಾನ ಓದದೆ ಬರುವವರು ಸೇರುವ ಮುಂಚಿನ ಬೇಸಗೆಯಲ್ಲಿ ಶರೀರಕ್ರಿಯಾಶಾಸ್ತ್ರದ ಒಂದು ಮೂಲ ಪುಸ್ತಕವನ್ನಾದರೂ ಓದಿ ಮುಗಿಸಿರಲಿ.

ಮಕ್ಕಳಿರುವವರು ಸಂಗಾತಿಯ ಜೊತೆ ಕುಳಿತು ಲೆಕ್ಕ ಹಾಕಬೇಕು. ತರಬೇತಿಯ ಆಸ್ಪತ್ರೆ ಮನೆಯಿಂದ ಒಂದು ಗಂಟೆ ದೂರವಿರಬಹುದು, ಬೆಳಿಗ್ಗೆ ಬೇಗ ಹೊರಡಬೇಕಾಗಬಹುದು. ಊರಿನಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸಿಕೊಳ್ಳುವ ಯೋಜನೆ ಇದ್ದರೆ ನೆನಪಿರಲಿ, ಸಂದರ್ಶಕ ವೀಸಾ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಮಾತ್ರ, ಮತ್ತು ಅದು ಮಕ್ಕಳ ಪಾಲನೆಯ ವ್ಯವಸ್ಥೆಯಾಗಲಾರದು.

ಪದವಿಯ ಕೊನೆಗೆ ಬ್ರಿಟನ್ನಿನ ಎಲ್ಲ ವೈದ್ಯಕೀಯ ವಿದ್ಯಾರ್ಥಿಗಳಿಗೂ ಸಮಾನವಾದ ಪರವಾನಗಿ ಪರೀಕ್ಷೆ ಇದೆ, 2024-25ರಿಂದ ಹೊರಬರುವ ತಂಡಗಳಿಗೆ ಅದು ಕಡ್ಡಾಯ. ಆಮೇಲೆ ಸಂಬಳದ ಎರಡು ವರ್ಷದ ಫೌಂಡೇಷನ್ ತರಬೇತಿ. ಮೊದಲ ವರ್ಷ ಮುಗಿದಾಗ ಪೂರ್ಣ ನೋಂದಣಿ. ಕುಟುಂಬ ವೈದ್ಯರು ಅಂದರೆ ಜಿಪಿ ಆಗಲು ಇನ್ನೂ ಮೂರು ವರ್ಷ. ಎಲ್ಲವೂ ಸರಾಗವಾಗಿ ನಡೆದರೆ ಮೂವತ್ತನೆಯ ವಯಸ್ಸಿನಲ್ಲಿ ಸೇರಿದವರು ಮೂವತ್ತೊಂಬತ್ತಕ್ಕೆ ಜಿಪಿ. ಶಸ್ತ್ರಚಿಕಿತ್ಸಕರಾಗಲು ಇನ್ನೂ ಹೆಚ್ಚು ಕಾಲ ಬೇಕು.

ಸೀಟು ಸಿಗದಿದ್ದರೆ

ಸೀಟುಗಳಿಗಿಂತ ಅರ್ಜಿಗಳು ಬಹಳ ಹೆಚ್ಚು, ಆದ್ದರಿಂದ ಮೊದಲ ಸಲ ನಿರಾಕರಣೆ ಬರುವುದು ಸಾಮಾನ್ಯ. ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಮೊದಲು ಕಂಡುಕೊಳ್ಳಿ. ಸಂದರ್ಶನಕ್ಕೇ ಕರೆಯದಿದ್ದರೆ ದೋಷ ಪರೀಕ್ಷೆಯ ಅಂಕದಲ್ಲೋ ಶಾಲೆಗಳ ಆಯ್ಕೆಯಲ್ಲೋ ಇದೆ. ಸಂದರ್ಶನವಾಗಿಯೂ ಸೀಟು ಸಿಗದಿದ್ದರೆ ಯಾವ ಕೋಣೆಯಲ್ಲಿ ಅಂಕ ಹೋಯಿತೆಂದು ಶಾಲೆಯನ್ನು ಕೇಳಿ. ಹಲವು ಶಾಲೆಗಳು ತಿಳಿಸುತ್ತವೆ. ಯುಕ್ಯಾಟ್ ಮತ್ತೆ ಬರೆಯಲೇಬೇಕು. ಗ್ಯಾಮ್‌ಸ್ಯಾಟ್ ಅಂಕವನ್ನು ಮರುವರ್ಷವೂ ಒಪ್ಪುತ್ತಾರೆಯೇ ಎಂದು ವಿಚಾರಿಸಿ. ಹೆಲ್ತ್‌ಕೇರ್ ಅಸಿಸ್ಟೆಂಟ್ ಕೆಲಸವನ್ನು ಮಾತ್ರ ಬಿಡಬೇಡಿ: ಸಂಬಳ ಬರುತ್ತದೆ, ಟಿಪ್ಪಣಿ ಬೆಳೆಯುತ್ತದೆ, ಮುಂದಿನ ಅಕ್ಟೋಬರ್ 15ಕ್ಕೆ ಬರೆಯಲು ಹೊಸ ಸಂಗತಿಗಳಿರುತ್ತವೆ.